ನವೆಂಬರ್ ಪಟ್ಟಿಯಲ್ಲಿ ಮಮ್ಮಿಯ ಹೆಸರು

ಐರ್ಲೆಂಡಿಗೆ ಹೋಗಿ ಬಂದವಳು ಎಂದರೆ ಮಂಗಳೂರಿನಲ್ಲಿ ಜನ ಕೇಳುವುದು ಎರಡೇ ಪ್ರಶ್ನೆ. ಚಳಿ ಹೇಗಿತ್ತು, ಊಟಕ್ಕೆ ಎಂತ ಮಾಡಿದಿ. ಚಳಿ ಜೋರಿತ್ತು, ಊಟಕ್ಕೆ ಬಟಾಟೆ ತಿಂದೆ. ಅಲ್ಲಿಗೆ ಆ ಮಾತು ಮುಗಿಯಿತು. ನಾನು ಬರೆಯಲು ಕೂತದ್ದು ಬೇರೆ ವಿಷಯ. ಆ ದೇಶದ ಒಂದು ಸಣ್ಣ ಊರಿನಲ್ಲಿ ಸುಮಾರು ಮೂರು ವಾರ ನನ್ನ ಮಮ್ಮಿ ತೀರಿಹೋಗಿದ್ದರು. ಅದೇ ಮೂರು ವಾರ ಕದ್ರಿಯ ನಮ್ಮ ಮನೆಯಿಂದ ಅವರು ದಿನಕ್ಕೆರಡು ಸಲ ನನಗೆ ವಿಡಿಯೊ ಕಾಲ್ ಮಾಡಿ, ತಲೆಗೆ ಸ್ಕಾರ್ಫ್ ಕಟ್ಟಿದ್ದೀಯಾ ಎಂದು ವಿಚಾರಿಸುತ್ತಿದ್ದರು.

ಇದಕ್ಕೆ ಕಾರಣ ನಾನೇ. ತಪ್ಪನ್ನು ಬೇರೆಯವರ ತಲೆಗೆ ಕಟ್ಟಲು ಪ್ರಯತ್ನ ಮಾಡಿ ನೋಡಿದ್ದೇನೆ, ಯಾರ ತಲೆಗೂ ಸರಿಯಾಗಿ ಕೂರಲಿಲ್ಲ.

ಕೊಡಿಯಾಲ್‌ಬೈಲ್, ಜೆರಾಕ್ಸ್ ಅಂಗಡಿ

ಎಂಬಿಬಿಎಸ್‌ನ ಕೊನೆಯ ವರ್ಷದಲ್ಲಿ ನಮಗೆ ‘ಇಲೆಕ್ಟಿವ್’ ಎಂದು ನಾಲ್ಕು ವಾರ ಸಿಗುತ್ತದೆ. ಯಾವ ವಿಭಾಗ, ಯಾವ ಆಸ್ಪತ್ರೆ ಎಂದು ನಾವೇ ಆರಿಸಿಕೊಂಡು ಅಲ್ಲಿ ಕಲಿತು ಬರಬೇಕು. ಅಲ್ಲಿಯ ಮೇಲ್ವಿಚಾರಕರ ಸಹಿ ಇರುವ ಲಾಗ್‌ಬುಕ್ ತಂದು ಕಾಲೇಜಿಗೆ ಒಪ್ಪಿಸಬೇಕು. ಸಹಿ ಇಲ್ಲದಿದ್ದರೆ ಅಂತಿಮ ಪರೀಕ್ಷೆಗೆ ಕೂರುವಂತಿಲ್ಲ. ನನ್ನ ಜೊತೆಯವರು ಹೆಚ್ಚಿನವರೂ ನಮ್ಮದೇ ಆಸ್ಪತ್ರೆಯ ಚರ್ಮರೋಗ ವಿಭಾಗ ಬರೆದುಕೊಟ್ಟು, ಮಧ್ಯಾಹ್ನ ಮನೆಗೆ ಹೋಗಿ ಪರೀಕ್ಷೆಗೆ ಓದಿದರು. ಬುದ್ಧಿ ಇದ್ದವರು ಮಾಡುವುದೇ ಹಾಗೆ. ನನಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕದ್ರಿಯಿಂದ ಕಾಲೇಜು, ಕಾಲೇಜಿನಿಂದ ಕದ್ರಿ. ನಾಲ್ಕು ವರ್ಷ ಅದೇ ರಸ್ತೆ, ಅದೇ ಹೊಂಡ. “ನಿನ್ನ ಕಾಲಿಗೆ ಚಕ್ರ ಉಂಟು” ಎಂದು ಮಮ್ಮಿ ಬೈಯುತ್ತಿದ್ದರು. ಆ ಚಕ್ರ ಊರಿನ ಪಂಪ್‌ವೆಲ್ ಸರ್ಕಲ್ ದಾಟಿದ್ದೇ ಕಡಿಮೆ.

ಹೊರದೇಶದ ಆಸ್ಪತ್ರೆಗಳಿಗೆ ತಿಂಗಳುಗಟ್ಟಲೆ ಇಮೇಲ್ ಕಳಿಸಿದೆ. ಕೆಲವರು ಕ್ಷಮಿಸಿ ಎಂದರು, ಹೆಚ್ಚಿನವರು ಅದನ್ನೂ ಹೇಳಲಿಲ್ಲ. ಕೊನೆಗೆ ಐರ್ಲೆಂಡಿನ ಒಂದು ಸಣ್ಣ ಹಾಸ್ಪಿಸ್‌ನಿಂದ ಉತ್ತರ ಬಂತು. ಹಾಸ್ಪಿಸ್ ಎಂದರೆ ಗುಣವಾಗದ ಕಾಯಿಲೆಯವರನ್ನು ಕೊನೆಯ ದಿನದವರೆಗೆ ನೋವಿಲ್ಲದಂತೆ ನೋಡಿಕೊಳ್ಳುವ ಮನೆ. ನೀವು ಇಲ್ಲಿಗೇ ಯಾಕೆ ಬರಬೇಕೆಂದಿದ್ದೀರಿ ಎಂದು ಒಂದು ಪತ್ರ ಬರೆದು ನಾಳೆಯೊಳಗೆ ಕಳಿಸಿ ಎಂದಿದ್ದರು.

ಈಗ ನಮ್ಮ ಕಾಲೇಜಿನ ಒಂದು ಪದ್ಧತಿ ಹೇಳಬೇಕು. ಅಲ್ಲಿ ರೆಕಾರ್ಡ್ ಪುಸ್ತಕವನ್ನು ಸ್ವಂತ ಬರೆಯುವವರು ಯಾರೂ ಇಲ್ಲ. ಮೊದಲ ವರ್ಷದಲ್ಲೇ ಸೀನಿಯರ್‌ಗಳ ಪುಸ್ತಕ ಕೈಗೆ ಬರುತ್ತದೆ, ಹೆಸರು ಮತ್ತು ರೋಲ್ ನಂಬರ್ ಬದಲಿಸಿ ನಕಲು ಮಾಡುತ್ತೇವೆ, ಮುಂದಿನವರಿಗೆ ದಾಟಿಸುತ್ತೇವೆ. ಹಳ್ಳಿಯ ಮನೆಗಳಿಗೆ ಹೋಗಿ ಬರೆಯಬೇಕಾದ ಸರ್ವೆಯೂ ಹೀಗೆಯೇ. ಒಂದೇ ಕುಟುಂಬದ ಒಂದೇ ಮಗುವಿಗೆ ಪ್ರತಿ ವರ್ಷ ಅದೇ ಕೆಮ್ಮು ಬರುತ್ತದೆ. ಇದನ್ನು ಯಾರೂ ಕಳ್ಳತನ ಎಂದುಕೊಂಡಿಲ್ಲ. ಹಾಗಾಗಿ ಪತ್ರ ಬರೆಯಬೇಕು ಎಂದ ಕೂಡಲೇ ನಾನು ಪೆನ್ನು ಹುಡುಕಲಿಲ್ಲ, ಶ್ವೇತಾ ಅಕ್ಕನಿಗೆ ಫೋನ್ ಮಾಡಿದೆ.

ಶ್ವೇತಾ ಅಕ್ಕ ಉಳ್ಳಾಲದವರು, ನನಗಿಂತ ಎರಡು ವರ್ಷ ಸೀನಿಯರ್. ಇಂಥದೇ ಕೆಲಸಕ್ಕೆ ಅವರು ಸ್ಕಾಟ್ಲೆಂಡಿಗೆ ಹೋಗಿ ಬಂದಿದ್ದರು. ಒಂದೇ ನಿಮಿಷದಲ್ಲಿ ಫೈಲ್ ಕಳಿಸಿ, “ಫಾರ್ಮ್ಯಾಟ್ ಮಾತ್ರ ಇಟ್ಕೊ ರೆನಿ. ನಡುವಿನ ಪ್ಯಾರಾ ನಂದು. ಅದನ್ನು ತೆಗ್ದು ನಿಂದು ಬರಿ” ಎಂದರು.

ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಫೈಲ್ ತೆರೆದೆ. ಹೆಸರು ಬದಲಿಸಿದೆ, ರಿಜಿಸ್ಟರ್ ನಂಬರ್ ಬದಲಿಸಿದೆ. ನಡುವಿನ ಪ್ಯಾರಾಕ್ಕೆ ಬಂದೆ. ಅದರಲ್ಲಿ ಶ್ವೇತಾ ಅಕ್ಕನ ಅಮ್ಮ ಇದ್ದರು. ಮೇದೋಜೀರಕದ ಕ್ಯಾನ್ಸರ್, ಮೂರು ತಿಂಗಳು, ಆಮೇಲೆ ಸಾವು. ಮಗಳು ಕಾಲೇಜಿಗೆ ರಜೆ ಹಾಕಿ ಹಗಲು ರಾತ್ರಿ ನೋಡಿಕೊಂಡದ್ದು. ಸಾಯುವವರ ಪಕ್ಕದಲ್ಲಿ ಹೇಗೆ ಕೂರಬೇಕೆಂದು ಡಾಕ್ಟರುಗಳಿಗೆ ಯಾರೂ ಕಲಿಸಿಲ್ಲವೆಂದು ಆಗ ತಿಳಿದದ್ದು, ಅದನ್ನು ಕಲಿಯಬೇಕೆಂಬ ಆಸೆ.

ಇದನ್ನು ಅಳಿಸಲು ಮರೆತೆ ಎಂದು ಆಮೇಲೆ ಬಹಳ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಮರೆಯಲಿಲ್ಲ. ಎರಡು ಸಲ ಓದಿದೆ. ನನ್ನದೇ ಕಾರಣ ಬರೆಯಲು ನೋಡಿದೆ. ‘ನನಗೆ ಹೊರದೇಶ ನೋಡಬೇಕು’ ಎಂಬುದರ ಮುಂದೆ ಒಂದು ಅಕ್ಷರವೂ ಬರಲಿಲ್ಲ. ಹಿಂದೆ ಕ್ಯೂ ಇತ್ತು. ಅಂಗಡಿಯವರು ಊಟಕ್ಕೆ ಬಾಗಿಲು ಹಾಕಬೇಕೆಂದು ಎರಡು ಸಲ ಕೆಮ್ಮಿದರು. ಕಳಿಸಿಬಿಟ್ಟೆ. ಮರುದಿನವೇ ಉತ್ತರ ಬಂತು: ನಿಮ್ಮ ಪತ್ರ ನಮ್ಮ ಮನಸ್ಸು ಮುಟ್ಟಿತು, ಬನ್ನಿ.

ಮಮ್ಮಿ ಆ ಖುಷಿಗೆ ಇಡೀ ಬೀದಿಗೆ ಕೆಸುವಿನೆಲೆಯ ಪತ್ರೊಡೆ ಹಂಚಿದರು.

ಬಸ್ಸು ನಿಂತ ಜಾಗ

ಮಮ್ಮಿ ಶಾಲೆಯ ಟೀಚರ್. ಮಾತು ಕೇಳದ ಮಕ್ಕಳನ್ನು ಮೂವತ್ತು ವರ್ಷ ನೋಡಿದ್ದಾರೆ, ಹಾಗಾಗಿ ನಾನು ಬೇಡ ಎಂದರೂ ಸೂಟ್‌ಕೇಸಿನ ನಡುವೆ ಸಿಗಡಿ ಉಪ್ಪಿನಕಾಯಿಯ ಬಾಟಲಿ ಇಟ್ಟಿದ್ದರು. ಆ ಬಾಟಲಿ ದಾರಿಯಲ್ಲಿ ಎಲ್ಲೋ ಒಡೆಯಿತು. ಐರ್ಲೆಂಡಿನ ಆ ಊರಿನಲ್ಲಿ ಬಸ್ಸಿನಿಂದ ಇಳಿಯುವಾಗ ನನ್ನ ಸ್ವೆಟರುಗಳೆಲ್ಲ ವಿನೆಗರ್ ಮತ್ತು ಸಿಗಡಿಯ ವಾಸನೆ ಹೊಡೆಯುತ್ತಿದ್ದವು. ಇಳಿಯುವವರು ಒಬ್ಬೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಿದ್ದರು. ನಮ್ಮಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿಯಬೇಕು, ಅಷ್ಟರಲ್ಲಿ ಥ್ಯಾಂಕ್ಸ್ ಹೇಳಲು ಹೋದರೆ ಮುಂದಿನ ಸ್ಟಾಪಿನಲ್ಲಿ ಇಳಿಯಬೇಕಾದೀತು.

ನನ್ನನ್ನು ಕರೆದೊಯ್ಯಲು ನೋರಾ ಬಂದಿದ್ದರು. ಅರವತ್ತರ ಆಸುಪಾಸಿನ ನರ್ಸ್, ಹಾಸ್ಪಿಸ್‌ನಲ್ಲಿ ವಿದ್ಯಾರ್ಥಿಗಳ ಮೇಲ್ವಿಚಾರಕಿ. ನನ್ನ ಲಾಗ್‌ಬುಕ್ಕಿಗೆ ಸಹಿ ಹಾಕಬೇಕಾದವರು ಅವರೇ. ವಿದ್ಯಾರ್ಥಿಗಳು ಉಳಿಯುವುದೂ ಅವರ ಮನೆಯ ಒಂದು ಕೋಣೆಯಲ್ಲಿ. ಅವರು ನನ್ನ ಎರಡೂ ಕೈ ಹಿಡಿದು, “ನಿನಗೆ ಬಂದ ಕಷ್ಟಕ್ಕೆ ನನಗೆ ಬಹಳ ಬೇಸರವಾಯಿತು” ಎಂದರು. ಒಡೆದ ಬಾಟಲಿಯ ಬಗ್ಗೆ ಇರಬೇಕೆಂದು ನಾನು, “ಪರವಾಗಿಲ್ಲ, ಒಗೆದರೆ ಹೋಗುತ್ತದೆ” ಎಂದೆ. ನೋರಾ ಏನೂ ಅರ್ಥವಾಗದೆ ನನ್ನ ಮುಖ ನೋಡಿದರು. ಆ ಊರಿನಲ್ಲಿ ಸಾವಾದ ಮನೆಯವರಿಗೆ ಹೇಳುವ ಮಾತು ಅದು ಎಂದು ನನಗೆ ಹೊಳೆದದ್ದು ಕಾರಿನಲ್ಲಿ ಕೂತ ಮೇಲೆ. ಅವರು ಹೇಳಿದ್ದು ಪತ್ರದಲ್ಲಿದ್ದ ಅಮ್ಮನ ಬಗ್ಗೆ.

ಮನೆಯಲ್ಲಿ ಅವರು ನನ್ನ ಸ್ವೆಟರುಗಳನ್ನು ಒಗೆಯಲು ಹಾಕುತ್ತ, “ಎಷ್ಟು ಒಳ್ಳೆಯ ವಾಸನೆ, ಯಾರು ಮಾಡಿದ್ದು?” ಎಂದು ಕೇಳಿದರು.

ಪತ್ರದಲ್ಲಿದ್ದ ಸುಳ್ಳು ಬರೆದದ್ದು. ಬಾಯಿಬಿಟ್ಟು ಹೇಳಿದ ಮೊದಲ ಸುಳ್ಳು ಇದು: “ನಮ್ಮ ಆಂಟಿ.”

ಅಂದಿನಿಂದ ಮಮ್ಮಿ ಆ ಮನೆಯಲ್ಲಿ ಆಂಟಿ ಆದರು. ಮಮ್ಮಿಯ ಫೋನ್ ಬಂದ ಕೂಡಲೇ ನಾನು ಹಿತ್ತಿಲಿಗೆ ಓಡುತ್ತಿದ್ದೆ. ಮನೆಯಲ್ಲಿ ನಾವು ಆಡುವುದು ಕೊಂಕಣಿ, ನೋರಾರಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಆದರೆ ‘ಮಮ್ಮಿ’ ಎಂಬ ಮಾತು ಯಾವ ದೇಶದಲ್ಲಾದರೂ ತಿಳಿಯುತ್ತದೆ. ಸೌದೆ ಇಡುವ ಶೆಡ್ಡಿನ ಪಕ್ಕ ಕೊಡೆ ಹಿಡಿದು ನಿಂತು ಮಾತಾಡುತ್ತಿದ್ದೆ.

“ಯಾಕೆ ಮಳೆಯಲ್ಲಿ ನಿಂತದ್ದು? ಅವರ ಮನೆಯೊಳಗೆ ಜಾಗ ಇಲ್ವಾ?” ಎಂದು ಮಮ್ಮಿ ಕೇಳುತ್ತಿದ್ದರು. “ಅವರಿಗೆ ಫೋನ್ ಕೊಡು, ನಾನೊಂದು ಥ್ಯಾಂಕ್ಸ್ ಹೇಳ್ತೇನೆ.”

“ಅವರು ಮಲಗಿದ್ದಾರೆ.”

“ಸಂಜೆ ನಾಲ್ಕಕ್ಕಾ?”

“ಇಲ್ಲಿ ಬೇಗ ಕತ್ತಲಾಗ್ತದೆ ಮಮ್ಮಿ.”

ಕತ್ತಲಾಗುವುದು ನಿಜವೇ. ನವೆಂಬರಿನಲ್ಲಿ ಅಲ್ಲಿ ನಾಲ್ಕೂವರೆಗೆಲ್ಲ ಬೀದಿದೀಪ ಹತ್ತುತ್ತಿತ್ತು. ಮಳೆ ಮಾತ್ರ ನಮ್ಮ ಮಳೆಯ ಲೆಕ್ಕದಲ್ಲಿ ಮಳೆಯೇ ಅಲ್ಲ. ಹೊಯ್ಯುವುದೂ ಇಲ್ಲ, ಬಿಡುವುದೂ ಇಲ್ಲ, ಇಡೀ ದಿನ ಪಿರಿಪಿರಿ. ನನ್ನ ತಲೆಯೊಳಗೂ ಅದೇ ಪಿರಿಪಿರಿ.

ಏಳನೇ ಕೋಣೆ

ನಮ್ಮ ಆಸ್ಪತ್ರೆಯ ವಾರ್ಡಿನಲ್ಲಿ ಯಾರೂ ಕೂರುವುದಿಲ್ಲ. ಡಾಕ್ಟರು ನಡೆಯುತ್ತಾರೆ, ಹಿಂದೆ ನಾವು ಇಪ್ಪತ್ತು ಮಂದಿ ನಡೆಯುತ್ತೇವೆ, ನಮ್ಮ ಹಿಂದೆ ರೋಗಿಯ ಮನೆಯವರು ಚೀಟಿ ಹಿಡಿದು ನಡೆಯುತ್ತಾರೆ. ಮಲಗಿರುವುದು ರೋಗಿ ಮಾತ್ರ. ನನಗೆ ಆ ಓಡಾಟ ಹಿಡಿಸಿತ್ತು. ಇಲ್ಲಿ ಮೊದಲ ದಿನವೇ ನೋರಾ ಒಂದು ಕುರ್ಚಿ ತೋರಿಸಿ, “ಇದು ನಿನ್ನ ಕೆಲಸ” ಎಂದರು. ಡಾಕ್ಟರೂ ಹಾಸಿಗೆಯ ಪಕ್ಕ ಕುರ್ಚಿ ಎಳೆದು ಕೂತ ಮೇಲೆಯೇ ಬಾಯಿ ತೆರೆಯುತ್ತಿದ್ದರು. ಅರ್ಧ ಗಂಟೆ ಒಬ್ಬರ ಜೊತೆ. ಕೆಲವು ಸಲ ಇಬ್ಬರೂ ಮಾತಾಡುವುದೇ ಇಲ್ಲ. ನಾನು ಎದ್ದು ನೀರಿನ ಜಗ್ಗು ತುಂಬಿಸುತ್ತಿದ್ದೆ, ಕಿಟಕಿ ಪರದೆ ಸರಿಪಡಿಸುತ್ತಿದ್ದೆ, ತುಂಬಿದ್ದ ಜಗ್ಗನ್ನು ಮತ್ತೆ ತುಂಬಿಸುತ್ತಿದ್ದೆ.

ಏಳನೇ ಕೋಣೆಯಲ್ಲಿ ಟಾಮ್ ಇದ್ದರು. ಎಪ್ಪತ್ತೆಂಟು ವರ್ಷ, ಶ್ವಾಸಕೋಶದ ಕ್ಯಾನ್ಸರ್, ಆಯುಷ್ಯವಿಡೀ ಆ ಭಾಗದ ಬಸ್ಸು ಓಡಿಸಿದವರು. ಅಲ್ಲಿಯ ರೇಡಿಯೋದಲ್ಲಿ ದಿನವೂ ತೀರಿಹೋದವರ ಹೆಸರು ಓದುತ್ತಾರೆ. ಯಾರು, ಯಾವ ಊರು, ಯಾವ ಚರ್ಚಿನಲ್ಲಿ ಅಂತ್ಯಕ್ರಿಯೆ. ನಮ್ಮಲ್ಲಿ ಪೇಪರಿನ ಎರಡನೇ ಪುಟದಲ್ಲಿ ನಿಧನದ ಸುದ್ದಿ ನೋಡುವ ಹಾಗೆ. ಟಾಮ್ ಅದನ್ನು ತಪ್ಪಿಸುತ್ತಿರಲಿಲ್ಲ. “ಇವಳು ಚಿಲ್ಲರೆ ಯಾವಾಗಲೂ ಸರಿ ಕೊಡುತ್ತಿದ್ದಳು” ಎನ್ನುತ್ತಿದ್ದರು. “ಇವನು ಹಿಂದಿನ ಸೀಟು. ಮಳೆ ಬಂದರೂ ಕಿಟಕಿ ತೆರೆಯುವವನು.” ನಾನು ನಮ್ಮ ಊರಿನ ಖಾಸಗಿ ಬಸ್ಸುಗಳು ಒಂದನ್ನೊಂದು ಹಿಂದೆ ಹಾಕುವುದನ್ನೂ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ ಸೀಟಿ ಊದುವುದನ್ನೂ ಹೇಳಿದರೆ ಅವರಿಗೆ ನಗು ತಡೆಯಲಾಗುತ್ತಿರಲಿಲ್ಲ. ನಕ್ಕರೆ ಕೆಮ್ಮು ಬರುತ್ತಿತ್ತು, ನೋರಾ ಬಂದು ನನ್ನನ್ನು ನೋಡುತ್ತಿದ್ದರು.

ಎರಡನೇ ವಾರ ಒಂದು ಬೆಳಿಗ್ಗೆ ಟಾಮ್ ರೇಡಿಯೋ ಆರಿಸಿ, “ನಿನ್ನ ತಾಯಿಯ ವಿಷಯ ನೋರಾ ಹೇಳಿದಳು” ಎಂದರು. “ನನ್ನ ಮಗಳ ಹತ್ತಿರ ಇದನ್ನು ಕೇಳಲಾಗುವುದಿಲ್ಲ, ಅವಳು ಅಳುತ್ತಾಳೆ. ನೀನು ಕಂಡವಳು. ನಿನ್ನ ತಾಯಿಗೆ ಹೆದರಿಕೆ ಇತ್ತಾ?”

ಆ ಕ್ಷಣ ಎದ್ದು ಜಗ್ಗು ತುಂಬಿಸಲು ಹೋಗಿದ್ದರೂ ಆಗುತ್ತಿತ್ತು. ಹೋಗಲಿಲ್ಲ. “ಇಲ್ಲ” ಎಂದೆ. “ಸ್ವಲ್ಪವೂ ಇರಲಿಲ್ಲ. ಜಪಮಾಲೆ ಹಿಡಿದು ಶಾಂತವಾಗಿ ಹೋದರು.”

ಟಾಮ್ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡರು. ಆಮೇಲೆ, “ಹಾಗಾದರೆ ನಾನೊಬ್ಬನೇ ಪುಕ್ಕಲ” ಎಂದರು.

ಸಮಾಧಾನ ಹೇಳಲು ಹೋಗಿ ಸಾಯುತ್ತಿರುವ ಮನುಷ್ಯನ ಎದೆಗೆ ಕಲ್ಲು ಹೇರಿದ್ದೆ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಊಟದ ವಿರಾಮದಲ್ಲಿ ಕಾರು ನಿಲ್ಲಿಸುವ ಜಾಗದಲ್ಲಿ ಆಚೆ ಈಚೆ ನಡೆಯುತ್ತ ಶ್ವೇತಾ ಅಕ್ಕನಿಗೆ ಫೋನ್ ಮಾಡಿದೆ. ಊರಿನಲ್ಲಿ ಆಗ ಸಂಜೆ. ಪ್ಯಾರಾ ತೆಗೆಯಲಿಲ್ಲ ಎಂಬುದರಿಂದ ಹಿಡಿದು ಟಾಮ್ ಕೇಳಿದ ಪ್ರಶ್ನೆಯವರೆಗೆ ಎಲ್ಲ ಹೇಳಿದೆ.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, “ನಿನಗೊಂದು ಸೀಟು ಸಿಗ್ಲಿಕ್ಕೆ ನನ್ನ ಅಮ್ಮನನ್ನು ತಕೊಂಡು ಹೋದ್ದಾ ನೀನು?” ಎಂದರು.

“ತಪ್ಪಾಯ್ತು ಅಕ್ಕ.”

“ತಪ್ಪಾಯ್ತು ಅಂತ ಎಂತ ಹೇಳ್ತೀ. ಕೇಳಿದ್ದರೆ ನಾನು ಕೊಡ್ತಿರ್ಲಿಲ್ಲ, ಅದಕ್ಕೆ ಕೇಳ್ಲಿಲ್ಲ.” ಅಕ್ಕ ಅಲ್ಲಿಗೇ ಬಿಡಲಿಲ್ಲ. “ಮತ್ತೆ ಅಮ್ಮನಿಗೆ ಹೆದರಿಕೆ ಇತ್ತಾ ಇಲ್ವಾ ಅಂತ ನನಗೆ ಗೊತ್ತಿಲ್ಲ ರೆನಿ. ಅವರಿಗೆ ನಾವು ಕಾಯಿಲೆಯ ಹೆಸರೇ ಹೇಳ್ಲಿಲ್ಲ. ಗ್ಯಾಸ್ಟ್ರಿಕ್ ಅಂತ ಹೇಳಿದ್ದು. ಗ್ಯಾಸ್ಟ್ರಿಕ್ ಆದವರ ಹತ್ರ ಹೆದರಿಕೆ ಉಂಟಾ ಅಂತ ಹೇಗೆ ಕೇಳುವುದು? ಪತ್ರದಲ್ಲಿ ಅದನ್ನು ನಾನೂ ಬರೀಲಿಲ್ಲ. ಇವತ್ತೇ ಅವರಿಗೆ ನಿಜ ಹೇಳು, ಇಲ್ಲದಿದ್ದರೆ ನನಗೆ ಇನ್ನು ಫೋನ್ ಮಾಡ್ಬೇಡ.”

ಇವತ್ತೇ ಹೇಳುತ್ತೇನೆ ಎಂದೆ. ಹೇಳಲಿಲ್ಲ. ಲಾಗ್‌ಬುಕ್ ಕಣ್ಣ ಮುಂದೆ ಬಂತು, ಪರೀಕ್ಷೆ ಬಂತು, ಬೀದಿಗೆಲ್ಲ ಹಂಚಿದ ಪತ್ರೊಡೆಯೂ ಬಂತು. ನಾಳೆ ಎಂದೆ. ಅಂಥ ನಾಳೆಗಳು ಒಂದು ವಾರಕ್ಕಿಂತ ಹೆಚ್ಚು ಆದವು. ಟಾಮ್ ಕೋಣೆಯ ಮುಂದೆ ಹಾದುಹೋಗುವಾಗ ಜೋರಾಗಿ ಹೆಜ್ಜೆ ಹಾಕುತ್ತಿದ್ದೆ.

ಶುಕ್ರವಾರ ಮತ್ತು ಶನಿವಾರ

ನವೆಂಬರ್ ಮಂಗಳೂರಿನ ನಮ್ಮ ಕ್ಯಾಥೋಲಿಕರಿಗೆ ತೀರಿಹೋದವರ ತಿಂಗಳು. ಎರಡನೇ ತಾರೀಕು ಚರ್ಚಿನ ಸಮಾಧಿಗಳಿಗೆಲ್ಲ ಹೂ ಇಟ್ಟು ಮೊಂಬತ್ತಿ ಹಚ್ಚುತ್ತೇವೆ. ಐರ್ಲೆಂಡಿನವರೂ ಕ್ಯಾಥೋಲಿಕರು, ಅವರಲ್ಲಿ ಇನ್ನೊಂದು ಪದ್ಧತಿ: ಮನೆಮನೆಯವರು ತಮ್ಮ ಸತ್ತವರ ಹೆಸರು ಬರೆದು ಕೊಡುತ್ತಾರೆ, ಆ ಪಟ್ಟಿಯನ್ನು ತಿಂಗಳಿಡೀ ಬಲಿಪೀಠದ ಮೇಲೆ ಇಡುತ್ತಾರೆ. ನೋರಾರ ಚರ್ಚಿನಲ್ಲಿ ಒಂದು ಭಾನುವಾರ ಅದನ್ನು ಗಟ್ಟಿಯಾಗಿ ಓದುವುದೂ ಉಂಟು.

ಮೂರನೇ ವಾರದ ಶುಕ್ರವಾರ ಸಂಜೆ ನೋರಾ ಟೀ ಕೊಡುತ್ತ, “ನಿನಗೊಂದು ವಿಷಯ ಹೇಳಬೇಕು” ಎಂದರು. “ನಿನ್ನ ಪಾಸ್‌ಪೋರ್ಟಿನ ನಕಲಿನಲ್ಲಿ ತಾಯಿಯ ಹೆಸರು ನೋಡಿದೆ. ಹಿಲ್ಡಾ ಅಲ್ಲವೇ? ಪಟ್ಟಿಗೆ ಸೇರಿಸಿದ್ದೇನೆ. ನಾಡಿದ್ದು ಓದುತ್ತಾರೆ. ನನ್ನ ಅಮ್ಮನ ಹೆಸರಿನ ಕೆಳಗೇ ಬರುತ್ತದೆ.”

ಅವರ ಮುಖದಲ್ಲಿ ಉಡುಗೊರೆ ಕೊಟ್ಟವರ ಸಂತೋಷ ಇತ್ತು. ನಾನು ಟೀ ಕುಡಿದೆ. ಬಿಸಿ ಎಂದೂ ತಿಳಿಯಲಿಲ್ಲ. ನಾನು ದೊಡ್ಡ ಭಕ್ತೆಯೇನಲ್ಲ, ಮಮ್ಮಿ ಎಬ್ಬಿಸಿದರೆ ಮಾತ್ರ ಚರ್ಚಿಗೆ ಹೋಗುವವಳು. ಆದರೆ ಬದುಕಿರುವ ತಾಯಿಯ ಹೆಸರನ್ನು ಸತ್ತವರ ಸಾಲಿನಲ್ಲಿ ದೇವರ ಮುಂದೆ ಓದುವುದು ಎಂದರೆ ಅದು ಬೇರೆ ಮಾತು. ಪಾದ್ರಿ ಓದಿದ ಆ ಗಳಿಗೆಗೆ ಕದ್ರಿಯಲ್ಲಿ ಏನಾದರೂ ಆಗಿಬಿಟ್ಟರೆ? ನಾಲ್ಕು ವರ್ಷ ಶರೀರಶಾಸ್ತ್ರ, ರೋಗಶಾಸ್ತ್ರ ಓದಿದವಳು ನಾನು. ಓದು ಆ ಹೊತ್ತಿಗೆ ಕೆಲಸಕ್ಕೆ ಬರಲಿಲ್ಲ.

ಶನಿವಾರ ಬೆಳಿಗ್ಗೆ ನೋರಾ ಬ್ರೆಡ್ ಕೊಯ್ಯುತ್ತಿದ್ದಾಗ ಹೇಳಿಬಿಟ್ಟೆ. ಕೂತು ಹೇಳಲಾಗಲಿಲ್ಲ, ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತು ಹೇಳಿದೆ. ಮಮ್ಮಿ ಬದುಕಿದ್ದಾರೆ. ಪತ್ರ ಇನ್ನೊಬ್ಬರದು. ಹಿತ್ತಿಲಿನ ಫೋನು ಆಂಟಿಯದಲ್ಲ.

ನೋರಾ ಚೂರಿ ಕೆಳಗಿಟ್ಟರು. “ನಿನ್ನ ತಾಯಿ ಆರೋಗ್ಯವಾಗಿದ್ದಾರಾ?”

“ಇದ್ದಾರೆ. ಸ್ವಲ್ಪ ಶುಗರ್ ಉಂಟು.”

“ದೇವರು ದೊಡ್ಡವನು” ಎಂದರು. ಆಮೇಲೆ ಮುಖ ಆಚೆ ತಿರುಗಿಸಿ, “ಆ ಪತ್ರ ಓದಿ ನಾನು ಅತ್ತಿದ್ದೆ ರೆನಿ” ಎಂದರು. ಎಲ್ಲದಕ್ಕೂ ಟೀ ಮಾಡುವ ದೇಶ ಅದು. ಆ ದಿನ ನೋರಾ ಟೀ ಮಾಡಲಿಲ್ಲ. “ಸಹಿಯ ವಿಷಯ ಕೊನೆಯ ದಿನ ನೋಡುತ್ತೇನೆ. ಫಾದರಿಗೆ ನೀನೇ ಹೋಗಿ ಹೇಳು. ಟಾಮ್‌ಗೂ ನೀನೇ.”

ಚರ್ಚಿನ ಪಕ್ಕದ ಕೋಣೆಯಲ್ಲಿ ಫಾದರ್ ಭಾನುವಾರಕ್ಕೆ ಸಿದ್ಧತೆ ಮಾಡುತ್ತಿದ್ದರು. ವಯಸ್ಸಾದವರು, ಕಿವಿ ಮಂದ. ಇಬ್ಬರು ಹೆಂಗಸರು ಹೂದಾನಿ ತೊಳೆಯುತ್ತಿದ್ದರು. “ಫಾದರ್, ಪಟ್ಟಿಯಲ್ಲಿರುವ ಹಿಲ್ಡಾ ನನ್ನ ಮಮ್ಮಿ. ಅವರು ಸತ್ತಿಲ್ಲ” ಎಂದೆ.

“ಯಾವಾಗ ಸತ್ತದ್ದು?”

“ಸತ್ತಿಲ್ಲ ಫಾದರ್.”

“ಪಾಪ. ನನ್ನ ಸಂತಾಪ.”

ಮೂರನೆಯ ಸಲ ಕಿರುಚಿದೆ. ಹೂದಾನಿಗಳ ಸದ್ದು ನಿಂತಿತು. ಫಾದರ್ ಕನ್ನಡಕ ತೆಗೆದು ನನ್ನನ್ನು ನೋಡಿ, “ಹಾಗಾದರೆ ಒಳ್ಳೆಯ ಸುದ್ದಿ ಅಲ್ಲವೇ? ಅದಕ್ಕೆ ಯಾಕೆ ಅಳುತ್ತಿದ್ದೀ?” ಎಂದರು. ನಾನು ಅಳುತ್ತಿರುವುದು ನನಗೆ ಗೊತ್ತಿರಲಿಲ್ಲ. ಪಟ್ಟಿ ಆಗಲೇ ಅಚ್ಚಾಗಿ ಮನೆಮನೆಗೆ ಹೋಗಿಯಾಗಿತ್ತು. ಓದುವಾಗ ಸರಿಪಡಿಸುತ್ತೇನೆ ಎಂದರು.

ಭಾನುವಾರ

ನೋರಾ ನನ್ನ ಪಕ್ಕದಲ್ಲೇ ಕೂತರು, ಆದರೆ ನಡುವೆ ಒಂದು ಮಾರು ಜಾಗ ಇತ್ತು. ಫಾದರ್ ಒಂದೊಂದೇ ಹೆಸರು ಓದುತ್ತ ಬಂದರು. ನೋರಾರ ಅಮ್ಮನ ಹೆಸರು ಬಂತು. ಆಮೇಲೆ ಅವರು ಕಾಗದದಿಂದ ತಲೆ ಎತ್ತಿದರು. “ನಿಮ್ಮ ಹಾಳೆಯಲ್ಲಿ ಮಂಗಳೂರಿನ ಹಿಲ್ಡಾ ಎಂದಿದೆ. ಅವರು ಬದುಕಿದ್ದಾರೆ, ಆರೋಗ್ಯವಾಗಿದ್ದಾರೆ. ಅವರ ಮಗಳಿಗಾಗಿ ಪ್ರಾರ್ಥಿಸೋಣ.”

ಯಾರೋ ಕಿಸಕ್ಕೆಂದರು. ಉಳಿದವರು ಪ್ರಾರ್ಥಿಸಿದರು. ಅಷ್ಟು ಜನ ನನಗಾಗಿ ಪ್ರಾರ್ಥಿಸಿದ್ದು ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ. ನಾನು ಮೊಣಕಾಲೂರಿ ನೆಲ ನೋಡುತ್ತಿದ್ದೆ. ಹೊರಗೆ ಬಂದ ಮೇಲೆ ಮೊದಲ ಸಲ ಹಿತ್ತಿಲಿಗೆ ಓಡದೆ, ಬೀದಿಯಲ್ಲೇ ನಿಂತು ಮಮ್ಮಿಗೆ ನಾನಾಗಿ ಫೋನ್ ಮಾಡಿದೆ. ಊಟ ಆಯ್ತಾ ಎಂದು ಕೇಳಿದೆ. “ಎಂತ ಆಯ್ತು ನಿನಗೆ? ಜ್ವರ ಉಂಟಾ?” ಎಂದರು. ನಿಜ ಹೇಳಲು ಬಾಯಿ ಬರಲಿಲ್ಲ. ಎದುರೆದುರು ಹೇಳುತ್ತೇನೆ ಎಂದು ಬಿಟ್ಟುಬಿಟ್ಟೆ.

ಕೊನೆಯ ವಾರ

ಸೋಮವಾರ ಏಳನೇ ಕೋಣೆಗೆ ಹೋದೆ. ಸಣ್ಣ ಊರು, ಟಾಮ್‌ಗೆ ಸುದ್ದಿ ಮೊದಲೇ ತಲುಪಿತ್ತು. “ಆ ದಿನ ಹೇಳಿದ್ದು?” ಎಂದರು.

“ಸುಳ್ಳು.”

ಅವರು ಗೋಡೆಗೆ ಮುಖ ಮಾಡಿದರು. ನನಗೆ ಎದ್ದು ಓಡಬೇಕೆನಿಸಿತು. ಕುರ್ಚಿ ಹಿಡಿದು ಕೂತೆ. ಆ ದಿನ ಅವರು ಮಾತಾಡಲಿಲ್ಲ, ಮರುದಿನವೂ ಇಲ್ಲ. ನಾನು ಜಗ್ಗು ಮುಟ್ಟಲಿಲ್ಲ, ಪರದೆ ಮುಟ್ಟಲಿಲ್ಲ. ಬುಧವಾರ ರೇಡಿಯೋ ಮುಗಿದ ಮೇಲೆ ಅವರೇ ಇತ್ತ ತಿರುಗಿ, “ಇನ್ನೂ ಇದ್ದೀಯಾ?” ಎಂದರು. ಆಗ ಕೇಳಿದೆ, ಶ್ವೇತಾ ಅಕ್ಕ ತಮ್ಮ ಅಮ್ಮನ ಹತ್ತಿರ ಕೇಳಲಾಗದೆ ಹೋದದ್ದನ್ನು: “ನಿಮಗೆ ಹೆದರಿಕೆ ಯಾವುದು?”

ಸಾವು ಎನ್ನುತ್ತಾರೆ ಎಂದು ಕಾದೆ. ಅವರು ಹೇಳಿದ್ದು ಬೇರೆ. ಮಗಳು ಕೆಲಸ ಮುಗಿಸಿ ಐದೂವರೆಗೆ ಬರುತ್ತಾಳೆ. ನಾಲ್ಕಕ್ಕೆ ಕೊಡುವ ಔಷಧಿಯಿಂದ ಅವರಿಗೆ ಆ ಹೊತ್ತಿಗೆ ನಿದ್ದೆ ಹತ್ತಿರುತ್ತದೆ. ಎಷ್ಟೋ ದಿನದಿಂದ ಅವಳು ಬಂದು ನೋಡಿ ಹೋಗುತ್ತಿದ್ದಾಳೆ. ಒಂದು ದಿನ ಹೀಗೆಯೇ, ಅವಳು ಪಕ್ಕದಲ್ಲಿ ಇರುವಾಗ ಒಂದು ಮಾತೂ ಆಡದೆ ನಿದ್ದೆಯಲ್ಲೇ ಹೋಗಿಬಿಟ್ಟರೆ ಎಂಬುದು ಅವರ ಹೆದರಿಕೆ. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಓಡಿಹೋಗಿ ನೋರಾರಿಗೆ ಹೇಳಿದೆ. ಅವರು ಡಾಕ್ಟರ ಹತ್ತಿರ ಮಾತಾಡಿ ಔಷಧಿಯ ಸಮಯ ಬದಲಿಸಿದರು. ಮರುದಿನ ಐದೂವರೆಗೆ ಟಾಮ್ ಎಚ್ಚರವಾಗಿ, ಬಾಚಿದ ತಲೆಯಲ್ಲಿ ಕೂತಿದ್ದರು. ಮಗಳು ಬಂದು ಬಾಗಿಲು ಹಾಕಿಕೊಂಡಳು. ಒಳಗಿಂದ ಅಳುವೂ ಕೇಳಿತು, ಕೆಮ್ಮು ತರಿಸುವ ಆ ನಗುವೂ ಕೇಳಿತು. ನಾನು ಹೊರಡುವ ದಿನವೂ ಅವರು ಇದ್ದರು. ಮಂಗಳೂರಿನ ಬಸ್ಸಿನವರಿಗೆ ನನ್ನ ನಮಸ್ಕಾರ ಹೇಳು ಎಂದರು.

ಕೊನೆಯ ಬೆಳಿಗ್ಗೆ ನೋರಾ ಲಾಗ್‌ಬುಕ್ ಮುಂದಿಟ್ಟುಕೊಂಡು ಬಹಳ ಹೊತ್ತು ಬರೆದರು. ‘ಈ ವಿದ್ಯಾರ್ಥಿನಿ ಇನ್ನೊಬ್ಬರ ಪತ್ರ ಹಿಡಿದು ಬಂದಳು. ಮೂರು ವಾರ ತಡವಾಗಿ ನಿಜ ಹೇಳಿದಳು. ಆಮೇಲಿನ ಕೆಲಸ ಚೆನ್ನಾಗಿತ್ತು. ಉತ್ತೀರ್ಣ.’ ಕೆಳಗೆ ಸಹಿ. ಬಸ್ಸಿನ ಹತ್ತಿರ ನನ್ನನ್ನು ಅಪ್ಪಿಕೊಂಡರು, ಆದರೆ ಮೊದಲ ದಿನದ ಹಾಗೆ ಎರಡೂ ಕೈ ಹಿಡಿಯಲಿಲ್ಲ. ಅದು ನನಗೆ ಈಗಲೂ ನೋಯುತ್ತದೆ.

ಮಂಗಳೂರಿನಲ್ಲಿ ಕಾಲೇಜಿನ ಆಫೀಸಿಗೆ ಏನು ಉತ್ತರ ಕೊಡಲಿ ಎಂದು ಲೆಕ್ಕ ಹಾಕುತ್ತ ಹೋದೆ. ಕ್ಲರ್ಕ್ ಪುಟ ತಿರುಗಿಸಿ, ಸಹಿ ಇದೆಯಾ ನೋಡಿ, ಸೀಲು ಹೊಡೆದು ಕೊಟ್ಟರು. ಅವರು ಒಂದು ಸಾಲನ್ನೂ ಓದಲಿಲ್ಲ.

ಕದ್ರಿ

ಬಂದು ಮೂರು ದಿನ ಮನೆಯೊಳಗೆ ಸುಮ್ಮನೆ ತಿರುಗಿದೆ. ಸೂಟ್‌ಕೇಸ್ ತೆರೆದು ಚಾಕಲೇಟ್ ಹಂಚಿಯಾಯಿತು, ಚಳಿಯ ಕತೆ ಹೇಳಿಯಾಯಿತು. “ಒಂದು ಕಡೆ ಕೂರು ಮಾರಾಯ್ತಿ, ನನಗೆ ತಲೆ ತಿರುಗ್ತದೆ” ಎಂದು ಮಮ್ಮಿ ಎರಡು ಸಲ ಹೇಳಿದರು. ಮೂರನೇ ದಿನ ಸಂಜೆ ಅವರು ಅಡುಗೆಮನೆಯ ನೆಲದಲ್ಲಿ ಮಣೆ ಹಾಕಿ ಬೂತಾಯಿ ಮೀನು ಸ್ವಚ್ಛ ಮಾಡುತ್ತಿದ್ದರು. ನಾನು ಎದುರಿಗೆ ಕೂತೆ. ಮೊದಲಿನಿಂದ ಕೊನೆಯವರೆಗೆ ಹೇಳಿದೆ, ಚರ್ಚಿನ ಪಟ್ಟಿಯನ್ನೂ ಬಿಡಲಿಲ್ಲ.

ಮಮ್ಮಿಯ ಕೈ ನಿಲ್ಲಲಿಲ್ಲ. ಒಂದು ಮೀನು ಮುಗಿಸಿ ಇನ್ನೊಂದು ಎತ್ತಿಕೊಂಡರು.

“ಎಂತ ಕಾಯಿಲೆ ನನಗೆ?”

“ಕ್ಯಾನ್ಸರ್.”

“ಎಷ್ಟು ಸಮಯ ಮಲಗಿದ್ದೆ?”

“ಮೂರು ತಿಂಗಳು.”

“ಅಷ್ಟು ದಿನ ನನ್ನನ್ನು ಯಾರು ನೋಡಿಕೊಂಡದ್ದು?”

“ನಾನು” ಎಂದೆ. “ಕಾಲೇಜಿಗೆ ರಜೆ ಹಾಕಿ. ಹಗಲು ರಾತ್ರಿ.”

ಆಗ ಕೈ ನಿಂತಿತು. ಮಮ್ಮಿ ನನ್ನ ಮುಖ ನೋಡಿದರು. ಬೈಯುತ್ತಾರೆ ಎಂದುಕೊಂಡೆ, ಅಥವಾ ನಗುತ್ತಾರೆ ಎಂದುಕೊಂಡೆ.

“ಅದು ನಿಜವಾಗಿ ಮಾಡಿದ್ದು ಯಾರು? ಆ ಹುಡುಗಿ ಎಲ್ಲಿಯವಳು?”

“ಉಳ್ಳಾಲ. ಶ್ವೇತಾ ಅಂತ.”

“ಮನೆಯಲ್ಲಿ ಈಗ ಯಾರಿದ್ದಾರೆ ಅವಳಿಗೆ?”

“ಅಪ್ಪ ಮಾತ್ರ.”

ಮಮ್ಮಿ ಮತ್ತೆ ಮೀನು ಎತ್ತಿಕೊಂಡರು. “ಕ್ರಿಸ್ಮಸ್‌ಗೆ ಇಬ್ಬರನ್ನೂ ಊಟಕ್ಕೆ ಕರೆ” ಎಂದರು. “ಮೂರು ತಿಂಗಳು ನನ್ನನ್ನು ಅಷ್ಟು ಚೆನ್ನಾಗಿ ನೋಡಿಕೊಂಡಿದ್ದಾಳೆ.”